ಹೊಳೆ ಬಯಲಿನ ಚೌಳು ನೆಲ: ಜಿಪ್ಸಂ ಸುರಿಯುವ ಮೊದಲು ಯಾವ ಮಣ್ಣು, ಯಾವ ನೀರು ಅಂತ ನೋಡೋಣ

ಜಯಮಂಗಲಿ_ತೋಟ · ಕೊರಟಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಜಮೀನು ಜಯಮಂಗಲಿ ಹೊಳೆಯ ಬಯಲಲ್ಲಿದೆ. ಮೇಲಿನ ಭಾಗ ಕೆಮ್ಮಣ್ಣು, ರಾಗಿ ಚೆನ್ನಾಗಿ ಬರುತ್ತದೆ. ಹೊಳೆ ಕಡೆಗಿನ ಒಂದೂವರೆ ಎಕರೆ ಮಾತ್ರ ಬೇರೆ. ಬೇಸಿಗೆಯಲ್ಲಿ ಅಲ್ಲಲ್ಲಿ ಬಿಳಿ ಪುಡಿ ಏಳುತ್ತದೆ, ತಗ್ಗಿನ ಜಾಗದಲ್ಲಿ ಕಪ್ಪು ಕಲೆ ಬೀಳುತ್ತದೆ. ಮಳೆ ಬಂದರೆ ನೀರು ಇಂಗುವುದಿಲ್ಲ. ದಿನಗಟ್ಟಲೆ ಬಗ್ಗಡವಾಗಿಯೇ ನಿಂತಿರುತ್ತದೆ. ಆಗ ಕಾಲಿಟ್ಟರೆ ಜಾರುತ್ತದೆ. ಒಣಗಿದ ಮೇಲೆ ಗುದ್ದಲಿ ಹಾಕಿದರೆ ಟಣ್ ಅನ್ನುತ್ತದೆ.

ತೆಂಗು ಹೇಗೋ ನಿಂತಿದೆ, ಆದರೆ ಗರಿ ಹಳದಿ. ಬೀನ್ಸ್ ಹಾಕಿದರೆ ಮೊಳಕೆಯೇ ಮೇಲೆ ಬರುವುದಿಲ್ಲ. ಗೊಬ್ಬರದ ಅಂಗಡಿಯವರು ಎಕರೆಗೆ ನಾಲ್ಕು ಮೂಟೆ ಜಿಪ್ಸಂ ಹಾಕಿ ಸಾಕು ಅಂತಾರೆ. ಪಕ್ಕದ ಹೊಲದವರು ಕೆರೆ ಗೋಡು (ಕೆರೆಯ ಹೂಳು) ಹೊಡೆಸಿ ಅಂತಾರೆ. ಇನ್ನೊಬ್ಬರು ಅದು ಚೌಳು, ಅದಕ್ಕೆ ಮದ್ದಿಲ್ಲ, ಬಿಟ್ಟುಬಿಡಿ ಅಂತಾರೆ. ಬಿಡೋಕೆ ಮನಸ್ಸಿಲ್ಲ. ಇಂಥ ನೆಲ ಸರಿ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಪಾವಗಡ_ಕಡಲೆಕಾಯಿ

ಅಣ್ಣಾ, ನಾಲ್ಕು ಮೂಟೆ ಅನ್ನೋದು ಕಡಲೆಕಾಯಿ ಲೆಕ್ಕ. ನಾವೂ ಎಕರೆಗೆ 2 ಕ್ವಿಂಟಾಲ್ ಹಾಕುತ್ತೇವೆ, ಕಾಯಿ ಗಟ್ಟಿ ಕಟ್ಟಲಿ ಅಂತ. ಅದು ಬೆಳೆಗೆ ಕೊಡುವ ಸುಣ್ಣ, ಗಂಧಕದ ಲೆಕ್ಕ. ನೆಲದ ಗುಣ ಬದಲಾಯಿಸೋಕೆ ಅದು ಯಾವ ಮೂಲೆಗೂ ಸಾಲುವುದಿಲ್ಲ. ಸುಮ್ನೆ ದುಡ್ಡು ಹಾಕಬೇಡಿ, ಮೊದಲು ಮಣ್ಣು ಪರೀಕ್ಷೆ ಮಾಡಿಸಿ.

ಪಾಲಾರ್_ಟೊಮೇಟೊ · ಬೇತಮಂಗಲ

ನಮ್ಮಲ್ಲೂ ಬಿಳಿ ಪುಡಿ ಏಳುತ್ತದೆ, ಆದರೆ ನೀವು ಹೇಳಿದ ಮಣ್ಣಲ್ಲ ನಮ್ಮದು. ಇಲ್ಲಿ ಮೇಲಿನ ಮಣ್ಣು ಮೆತ್ತಗೆ, ಹುಡಿಹುಡಿ. ಕಾಲಿಟ್ಟರೆ ಒಳಗೆ ಹೋಗುತ್ತದೆ. ಬೆಳಿಗ್ಗೆ ಹೊತ್ತು ನೀರು ಹಾಕದಿದ್ದರೂ ಒದ್ದೆ ಕಾಣುತ್ತದೆ. ನೀರು ಬಿಟ್ಟರೆ ಸರಾಗ ಇಂಗುತ್ತದೆ. ಆದರೂ ಟೊಮೇಟೊ ಎಲೆಯ ಅಂಚು ಸುಟ್ಟು, ಗಿಡ ಬಾಡಿ ನಿಲ್ಲುತ್ತಿತ್ತು.

ಪಕ್ಕದ ಜಮೀನಿನವರು ಲೋಡುಗಟ್ಟಲೆ ಜಿಪ್ಸಂ ಹಾಕಿದರು. ಏನೂ ಆಗಲಿಲ್ಲ. ನಾವು ಜಮೀನಿನ ತಗ್ಗಿನ ಅಂಚಿಗೆ ಮೂರು ಅಡಿ ಆಳದ ಬಸಿಗಾಲುವೆ ತೆಗೆಸಿ ಹಳ್ಳಕ್ಕೆ ಬಿಟ್ಟೆವು. ಜೋರು ಮಳೆಯಲ್ಲಿ ಬದು ಕಟ್ಟಿ ನೀರು ನಿಲ್ಲಿಸಿ ಬಸಿಯೋಕೆ ಬಿಟ್ಟೆವು. ಎರಡು ಮುಂಗಾರು ಕಳೆಯುವಷ್ಟರಲ್ಲಿ ಬಿಳಿ ಪುಡಿ ಮುಕ್ಕಾಲು ಪಾಲು ಹೋಯಿತು. ಹಾಗಾಗಿ ನನ್ನ ಮಾತು: ಮೊದಲು ಬಸಿಗಾಲುವೆ.

ಮಣ್ಣು_ಪ್ರಯೋಗಾಲಯ · ತುಮಕೂರು

ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೆ ಇಬ್ಬರ ಮುಂದಿರುವುದು ಎರಡು ಬೇರೆ ಬೇರೆ ನೆಲ. ಮಣ್ಣು ಪರೀಕ್ಷೆಯ ಕೆಲಸದಲ್ಲೇ ವರ್ಷಗಳನ್ನು ಕಳೆದವನು ನಾನು. ಈ ಒಂದು ವಿಷಯದಲ್ಲಿ ನಮ್ಮ ರೈತರು ಕಳೆದುಕೊಳ್ಳುವ ದುಡ್ಡು ನೋಡಿದರೆ ಸಂಕಟವಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಜನ ಎರಡನ್ನೂ ಚೌಳು ಅಂತಲೇ ಕರೆಯುತ್ತಾರೆ, ಆದರೆ ನಿಜವಾದ ಚೌಳು ಬೇತಮಂಗಲದವರದ್ದು. ಮಣ್ಣಿನ ನೀರಿನಲ್ಲಿ ಕರಗುವ ಉಪ್ಪು ಜಾಸ್ತಿ: ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಕ್ಲೋರೈಡ್, ಸಲ್ಫೇಟ್. ಮಣ್ಣಿನ ರಚನೆ ಕೆಟ್ಟಿರುವುದಿಲ್ಲ, ನೀರು ಇಂಗುತ್ತದೆ. ತೊಂದರೆ ಬೇರಿಗೆ. ಸುತ್ತ ನೀರಿದ್ದರೂ ಉಪ್ಪಿನ ದೆಸೆಯಿಂದ ಬೇರು ಅದನ್ನು ಎಳೆದುಕೊಳ್ಳಲಾರದು. ಅದಕ್ಕೇ ಹಸಿ ನೆಲದಲ್ಲೂ ಗಿಡ ಬಾಡುತ್ತದೆ. ರಸಸಾರ (ಪಿ.ಎಚ್., ಅಂದರೆ ಹುಳಿ-ಕ್ಷಾರದ ಅಳತೆ) ಸಾಮಾನ್ಯವಾಗಿ 8.5ರ ಒಳಗೆ. ಉಪ್ಪನ್ನು ತೊಳೆದು ಹೊರಗೆ ಕಳಿಸುವುದೇ ಮದ್ದು. ಇದಕ್ಕೆ ಜಿಪ್ಸಂ ಬೇಕಿಲ್ಲ. ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) ಕೂಡ ಒಂದು ಉಪ್ಪೇ.

ಕೊರಟಗೆರೆಯವರು ಹೇಳಿದ ಲಕ್ಷಣ ಕರ್ಲು ಮಣ್ಣಿನದು. ಇಲ್ಲಿ ಕರಗಿದ ಉಪ್ಪು ಜಾಸ್ತಿ ಇರಲೇಬೇಕು ಅಂತಿಲ್ಲ. ಸೋಡಿಯಂ ನೇರವಾಗಿ ಜೇಡಿಯ ಕಣಕ್ಕೇ ಅಂಟಿಕೊಂಡಿರುತ್ತದೆ. ಕ್ಯಾಲ್ಸಿಯಂ ಇದ್ದರೆ ಜೇಡಿಯ ಕಣಗಳು ಒಂದಕ್ಕೊಂದು ಸೇರಿ ಹರಳುಗಟ್ಟುತ್ತವೆ, ನಡುವೆ ಗಾಳಿ ನೀರು ಓಡಾಡುತ್ತದೆ. ಸೋಡಿಯಂ ಜಾಸ್ತಿಯಾದರೆ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಒದ್ದೆಯಾದಾಗ ನೆಲ ಕರಗಿ ರಾಡಿಯಾಗಿ ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚುತ್ತದೆ. ಒಣಗಿದಾಗ ಹೆಪ್ಪುಗಟ್ಟಿ ಕಲ್ಲಾಗುತ್ತದೆ. ಜಿಪ್ಸಂನ ಕ್ಯಾಲ್ಸಿಯಂ ಆ ಸೋಡಿಯಂ ಬಿಡಿಸಿ ಅದರ ಜಾಗ ಹಿಡಿಯುತ್ತದೆ, ಅದಕ್ಕೇ ಜಿಪ್ಸಂ ಬೇಕಾಗುವುದು ಇಲ್ಲಿ. ನಿಮ್ಮ ಬೀನ್ಸ್ ಮೊಳಕೆ ಮೇಲೆ ಬರದೆ ಇರುವುದಕ್ಕೆ ಈ ಹೆಪ್ಪೂ ಒಂದು ಕಾರಣ. ಕಪ್ಪು ಕಲೆ ಏನು ಅಂದರೆ, ರಸಸಾರ 9 ದಾಟಿದಾಗ ಮಣ್ಣಿನ ಸಾವಯವ ಅಂಶ ಕರಗಿ ನೀರಿನ ಜೊತೆ ಮೇಲೆ ಬಂದು ಒಣಗಿ ಕೂರುತ್ತದೆ. ಅದು ಕಂಡರೆ ಕರ್ಲು ಅಂತ ಹೆಚ್ಚು ಕಡಿಮೆ ಖಚಿತ.

ಅಂಕಿಯಲ್ಲಿ ಹೇಳುವುದಾದರೆ, 1954ರಿಂದ ಎಲ್ಲ ಕಡೆ ಬಳಕೆಯಲ್ಲಿರುವ ಗೆರೆ ಹೀಗಿದೆ. ಮಣ್ಣಿನ ಪರ್ಯಾಪ್ತ ದ್ರಾವಣದ (ಮಣ್ಣು ಹಿಡಿಯುವಷ್ಟೇ ನೀರು ಕಲಸಿ ಹೀರಿ ತೆಗೆದ ನೀರಿನ) ವಿದ್ಯುತ್ ವಾಹಕತೆ, ಅಂದರೆ ಕರಗಿದ ಉಪ್ಪಿನ ಅಳತೆ, ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಚೌಳು. ಜೇಡಿಗೆ ಅಂಟಿದ ಒಟ್ಟು ಧಾತುಗಳಲ್ಲಿ ಸೋಡಿಯಂ ಪಾಲು ಶೇ. 15 ದಾಟಿದ್ದು, ರಸಸಾರ 8.5ಕ್ಕಿಂತ ಜಾಸ್ತಿ ಇದ್ದರೆ ಕರ್ಲು. ಎರಡೂ ಸೇರಿದ ಮಿಶ್ರ ನೆಲವೂ ಉಂಟು. ಅದೇ ಎಲ್ಲಕ್ಕಿಂತ ಮೋಸದ್ದು. ಉಪ್ಪು ಇರುವವರೆಗೆ ಮಣ್ಣು ಹುಡಿಯಾಗಿ ಚೆನ್ನಾಗಿಯೇ ಕಾಣುತ್ತದೆ. ಜಿಪ್ಸಂ ಇಲ್ಲದೆ ಬರೀ ಒಳ್ಳೆ ನೀರಿನಲ್ಲಿ ಉಪ್ಪು ತೊಳೆದರೆ, ಒಳಗಿದ್ದ ಸೋಡಿಯಂ ತನ್ನ ಗುಣ ತೋರಿಸಿ ನೆಲ ಇದ್ದಕ್ಕಿದ್ದಂತೆ ಗಟ್ಟಿಯಾಗುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗಾಜಿನ ಬಾಟಲಿಯಲ್ಲಿ ಒಂದು ಪಾಲು ಪುಡಿ ಮಣ್ಣು, ಐದು ಪಾಲು ಮಳೆ ನೀರು ಅಥವಾ ಫಿಲ್ಟರ್ ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಬೋರ್ ನೀರು ಬೇಡ, ಅದರ ಉಪ್ಪೇ ಫಲಿತಾಂಶ ಕೆಡಿಸುತ್ತದೆ. ಚೌಳಾದರೆ ಬೇಗ ಮಣ್ಣು ತಳಕ್ಕೆ ಕೂತು ಮೇಲಿನ ನೀರು ತಿಳಿಯಾಗುತ್ತದೆ. ಕರ್ಲಾದರೆ ಮರುದಿನ ನೋಡಿದರೂ ಹಾಲು ಹಾಕಿದ ಕಾಫಿಯ ಹಾಗೇ ಇರುತ್ತದೆ.

ಜಯಮಂಗಲಿ_ತೋಟ · ಕೊರಟಗೆರೆ

ಸಾರ್, ಮಾಡಿದೆ. ಮೇಲಿನ ಕೆಮ್ಮಣ್ಣಿನ ಬಾಟಲಿ ರಾತ್ರಿ ಊಟದ ಹೊತ್ತಿಗೆ ತಿಳಿಯಾಗಿತ್ತು. ತೆಂಗಿನ ಪಟ್ಟಿಯದ್ದು ಬೆಳಿಗ್ಗೆಯೂ ಹಾಗೇ ಇದೆ. ಬಾಟಲಿ ಹಿಂದೆ ಬೆರಳಿಟ್ಟರೆ ಕಾಣಲ್ಲ.

ಕೃಷಿ_ಓದು · ಚಿಂತಾಮಣಿ

ಒಂದು ವಿಷಯ ಸೇರಿಸುತ್ತೇನೆ, ಬಹಳ ಜನಕ್ಕೆ ಗೊಂದಲ ಆಗುವ ಜಾಗ ಇದು. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ. ಅದರಲ್ಲಿ ರಸಸಾರವೂ ವಿದ್ಯುತ್ ವಾಹಕತೆಯೂ ಇವೆ. ಆದರೆ ಅಲ್ಲಿನ ವಾಹಕತೆ ಅಳೆಯುವುದು ಮಣ್ಣಿಗೆ ಎರಡು ಎರಡೂವರೆ ಪಟ್ಟು ನೀರು ಸೇರಿಸಿ. ನೀರು ಜಾಸ್ತಿ ಇರುವುದರಿಂದ ಅಂಕಿ ತುಂಬ ಕಡಿಮೆ ಬರುತ್ತದೆ. ಅಲ್ಲಿ 1 ದಾಟಿದರೇ ಎಚ್ಚರ ವಹಿಸಬೇಕು. ಮೇಲೆ ಸಾರ್ ಹೇಳಿದ 4ರ ಗೆರೆಗೆ ಅದನ್ನು ಹೋಲಿಸಿ ನಮ್ಮದು 1.3, ಏನೂ ಇಲ್ಲ ಅಂತ ಸುಮ್ಮನಾಗಬೇಡಿ.

ಇನ್ನೊಂದು, ಆ ಚೀಟಿಯಲ್ಲಿ ಸೋಡಿಯಂ ಪಾಲು ಇರುವುದಿಲ್ಲ. ರಸಸಾರ 8.5ರ ಮೇಲೆ ಬಂದಿದ್ದರೆ, ಸೋಡಿಯಂ ಪಾಲು ಮತ್ತು ಜಿಪ್ಸಂ ಅಗತ್ಯ ಎರಡನ್ನೂ ಬೇರೆಯಾಗಿ ಕೇಳಿ ಮಾಡಿಸಬೇಕು. ಹಿರೇಹಳ್ಳಿ, ಕೊನೇಹಳ್ಳಿ, ಚಿಂತಾಮಣಿಯ ಕುರುಬೂರು, ಕೋಲಾರದ ಟಮಕ, ಇಷ್ಟು ಕಡೆ ಕೃಷಿ ವಿಜ್ಞಾನ ಕೇಂದ್ರಗಳಿವೆ. ನಿಮಗೆ ಹತ್ತಿರದ್ದರಲ್ಲಿ ಮೊದಲು ವಿಚಾರಿಸಿ.

ಪಿನಾಕಿನಿ_ಬಯಲು · ಗೌರಿಬಿದನೂರು

ಈ ಚೌಳು ಹೊಳೆ ಬಯಲಲ್ಲೇ ಯಾಕೆ ಜಾಸ್ತಿ? ನಮ್ಮ ಉತ್ತರ ಪಿನಾಕಿನಿ ದಂಡೆಯಲ್ಲೂ ಹೀಗೇ. ಗುಡ್ಡದ ಪಕ್ಕದ ಹೊಲಗಳಲ್ಲಿ ಇದರ ಸುಳಿವೇ ಇಲ್ಲ.

ನಮ್ಮ ಕಡೆ ಹಿರಿಯರು ಹೇಳುವುದು ಏನು ಅಂದರೆ, ಹಿಂದೆ ಮಡಿವಾಳರು ಬಟ್ಟೆ ಒಗೆಯೋಕೆ ಹೊಳೆ ದಂಡೆಯ ಚೌಳು ಮಣ್ಣು ಕೆರೆದು ಒಯ್ಯುತ್ತಿದ್ದರು. ಉಪ್ಪಾರರು ಬೇರೆ ಜಾಗದ ಮಣ್ಣು ತಂದು, ನೀರಲ್ಲಿ ಸೋಸಿ, ಒಣಗಿಸಿ ಉಪ್ಪು ತೆಗೆಯುತ್ತಿದ್ದರು. ಎರಡೂ ಜಾಗ ಬೇರೆ ಬೇರೆ ಅಂತ ಅವರಿಗೆ ಗೊತ್ತಿತ್ತು.

ಮಣ್ಣು_ಪ್ರಯೋಗಾಲಯ · ತುಮಕೂರು

ಹಿರಿಯರ ಮಾತು ಬಹಳ ಬೆಲೆಯುಳ್ಳದ್ದು. ಬಟ್ಟೆಯ ಕೊಳೆ ಬಿಡಿಸುವುದು ಸೋಡಿಯಂ ಕಾರ್ಬೊನೇಟ್, ಅಂದರೆ ಒಗೆಯುವ ಸೋಡಾ. ಅದಿರುವುದು ಕರ್ಲು ನೆಲದಲ್ಲಿ. ಅಡುಗೆ ಉಪ್ಪು ಸಿಗುವುದು ಚೌಳು ನೆಲದಲ್ಲಿ. ನಿಮ್ಮ ಊರಲ್ಲಿ ಅಂಥ ಹಳೆಯ ಜಾಗ ಗೊತ್ತಿದ್ದವರಿದ್ದರೆ ಕೇಳಿ ಗುರುತು ಹಾಕಿಕೊಳ್ಳಿ. ಲ್ಯಾಬಿಗೆ ಮಾದರಿ ಕಳಿಸುವಾಗ ಯಾವ ತುಂಡನ್ನು ಬೇರೆಯಾಗಿ ಕಳಿಸಬೇಕು ಅನ್ನುವುದು ಅದರಿಂದ ತಿಳಿಯುತ್ತದೆ.

ಇನ್ನು ಹೊಳೆ ಬಯಲಲ್ಲೇ ಯಾಕೆ ಅನ್ನುವುದು. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೂರೂ ಜಿಲ್ಲೆಗಳ ಅಡಿಗಲ್ಲು ಬಹುಪಾಲು ಗ್ರಾನೈಟ್ ಮತ್ತು ನೈಸ್ ಎಂಬ ಶಿಲೆ. ಈ ಕಲ್ಲಿನ ಒಂದು ಬಗೆಯ ಫೆಲ್ಡ್‌ಸ್ಪಾರ್‌ನಲ್ಲಿ ಸೋಡಿಯಂ ಇರುತ್ತದೆ. ಮಳೆ ನೀರು ಮಣ್ಣಿನೊಳಗಿನ ಇಂಗಾಲಾಮ್ಲವನ್ನು ಸೇರಿಸಿಕೊಂಡು ಇಳಿಯುವಾಗ ಆ ಕಲ್ಲು ನಿಧಾನಕ್ಕೆ ಕೊಳೆತು ಸೋಡಿಯಂ ಬೈಕಾರ್ಬೊನೇಟ್ ಬಿಡುಗಡೆಯಾಗುತ್ತದೆ. ದಿಣ್ಣೆಯ ಕೆಮ್ಮಣ್ಣು ನೀರು ಬಸಿಯುವ ಮಣ್ಣು, ಅಲ್ಲಿ ಅದು ನಿಲ್ಲುವುದಿಲ್ಲ. ಇಳಿದು ಇಳಿದು ತಗ್ಗಿಗೆ ಬರುತ್ತದೆ. ತಗ್ಗಿನಲ್ಲಿ ಕೊಚ್ಚಿ ಬಂದ ಜೇಡಿ ಜಾಸ್ತಿ, ಬಸಿಯುವ ದಾರಿ ಕಡಿಮೆ. ಜೊತೆಗೆ ನಮ್ಮದು ಬಯಲುಸೀಮೆ. ಬೀಳುವ ಮಳೆಗಿಂತ ಬಿಸಿಲಿಗೆ ಆರುವ ನೀರು ಎಷ್ಟೋ ಪಟ್ಟು ಜಾಸ್ತಿ. ನೆಲದಡಿಯ ನೀರು ಐದಾರು ಅಡಿ ಒಳಗೆ ಬಂದರೆ ಸಾಕು, ಮಣ್ಣಿನ ಸಣ್ಣ ರಂಧ್ರಗಳ ಮೂಲಕ ಮೇಲೇರಿ ಆವಿಯಾಗುತ್ತದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಕೆರೆ ಏರಿಯ ಹಿಂದಿನ ಮೊದಲ ಗದ್ದೆಗಳಲ್ಲೂ ಇದೇ ಕಾರಣಕ್ಕೆ ಚೌಗು, ಚೌಳು ಎರಡೂ ಕಾಣುತ್ತವೆ.

ಈ ನೀರು ಆರುವಾಗ ಮೊದಲು ಸುಣ್ಣ ಗಟ್ಟಿಯಾಗಿ ಕೆಳಗೆ ಕೂರುತ್ತದೆ. ಒಂದೆರಡು ಅಡಿ ಅಗೆದರೆ ಬಿಳಿ ಸುಣ್ಣದ ಹರಳು ಸಿಗುತ್ತದಲ್ಲ, ಅದು ಇದೇ. ಕ್ಯಾಲ್ಸಿಯಂ ಹೀಗೆ ಹರಳಾಗಿ ಹೋದ ಮೇಲೆ ನೀರಿನಲ್ಲಿ ಉಳಿಯುವುದು ಸೋಡಿಯಂ. ಜೇಡಿಗೆ ಅಂಟಿಕೊಳ್ಳುವುದು ಅದೇ.

ಜಯಮಂಗಲಿ_ತೋಟ · ಕೊರಟಗೆರೆ

ಹೌದು ಸಾರ್, ತೆಂಗಿನ ಗುಂಡಿ ತೆಗೆದಾಗ ಕಡಲೆಕಾಳು ಗಾತ್ರದ ಸುಣ್ಣದ ಹರಳು ಬುಟ್ಟಿಗಟ್ಟಲೆ ಸಿಕ್ಕಿತ್ತು.

ಒಂದು ಅನುಮಾನ. ನಮ್ಮಲ್ಲಿ ಹಿಂದೆ ತಲಪರಿಗೆ ಇತ್ತು. ಕೈಯಲ್ಲಿ ಮರಳು ಬಗೆದರೆ ನೀರು ಬರುತ್ತಿತ್ತಂತೆ. ಈಗ ಅಂತರ್ಜಲ ಎಲ್ಲೋ ಪಾತಾಳಕ್ಕೆ ಹೋಗಿದೆ. ಹಾಗಿದ್ದರೆ ಕೆಳಗಿನಿಂದ ಉಪ್ಪು ಹೇಗೆ ಬರುತ್ತದೆ? ಅಪ್ಪನ ಕಾಲದಲ್ಲಿ ಇದೇ ಪಟ್ಟಿಯಲ್ಲಿ ಭತ್ತ ಬೆಳೆಯುತ್ತಿದ್ದರು. ನೆಲ ಈಗಿನಷ್ಟು ಗಟ್ಟಿ ಇರಲಿಲ್ಲ ಅಂತ ಅಮ್ಮ ಹೇಳುತ್ತಾರೆ.

ರೇಷ್ಮೆ_ಅಕ್ಕ · ಶಿಡ್ಲಘಟ್ಟ

ತಮ್ಮಾ, ನಿನ್ನ ಬೋರ್ ನೀರು ಪರೀಕ್ಷೆ ಮಾಡಿಸಿದ್ದೀಯಾ? ನಮ್ಮ ಹಿಪ್ಪುನೇರಳೆ ತೋಟದಲ್ಲಿ ಕುಡಿ ಎಲೆ ಪೂರ್ತಿ ಹಳದಿ, ನರ ಮಾತ್ರ ಹಸಿರು. ಕಬ್ಬಿಣದ ಕೊರತೆ ಅಂದರು. ಸಿಂಪಡಿಸಿದರೆ ಒಂದು ಬೆಳೆಗೆ ಸರಿ, ಮತ್ತೆ ಅದೇ ಕಥೆ. ಹಿಪ್ಪುನೇರಳೆಗೆ ರಸಸಾರ 7ರ ಒಳಗಿದ್ದರೆ ಚಂದ. ನಮ್ಮದು ಹಳೆಯ ಚೀಟಿಯಲ್ಲಿ 7.4 ಇತ್ತು, ಹೊಸದರಲ್ಲಿ 8.7. ನಡುವೆ ಬದಲಾಗಿದ್ದು ಒಂದೇ: ಬಾವಿ ಬತ್ತಿ, ಸಾವಿರ ಅಡಿ ಬೋರ್ ನೀರು ಹಾಯಿಸೋಕೆ ಶುರು ಮಾಡಿದ್ದು. ಟ್ಯಾಂಕಿನ ನೀರಲ್ಲಿ ಕೈ ತೊಳೆದರೆ ಜಾರು ಜಾರು. ಬೇಳೆ ಬೇಯೋಕೆ ಹಾಕುವ ಸೋಡಾ ನೆನಪಾಗುತ್ತದೆ. ಮಣ್ಣು ಮಾತ್ರ ನೋಡಿದರೆ ಅರ್ಧ ಲೆಕ್ಕ ಅಷ್ಟೇ.

ಮಣ್ಣು_ಪ್ರಯೋಗಾಲಯ · ತುಮಕೂರು

ಅಕ್ಕ ಹೇಳಿದ್ದು ಈ ಚರ್ಚೆಯ ಮುಖ್ಯ ಮಾತು. ಹಿಂದೆ ಉಪ್ಪು ಕೆಳಗಿನಿಂದ ಏರಿ ಬರುತ್ತಿತ್ತು. ಈಗ ಎಷ್ಟೋ ಕಡೆ ನಾವೇ ಪೈಪಿನಲ್ಲಿ ತಂದು ಮೇಲಿನಿಂದ ಸುರಿಯುತ್ತಿದ್ದೇವೆ. ಕಲ್ಲಿನ ಸಂದಿನಲ್ಲಿ ಬಹಳ ಕಾಲ ನಿಂತ ನೀರಿನಲ್ಲಿ ಸೋಡಿಯಂ ಬೈಕಾರ್ಬೊನೇಟ್ ಜಾಸ್ತಿಯಾಗಿ, ಕ್ಯಾಲ್ಸಿಯಂ ಕಡಿಮೆಯಾಗಿರುವ ಸಾಧ್ಯತೆ ಇರುತ್ತದೆ. ನೋಡೋಕೆ ತಿಳಿ ನೀರು. ಉಪ್ಪುಪ್ಪು ಅಂತಲೂ ಅನ್ನಿಸುವುದಿಲ್ಲ. ಆದರೆ ವರ್ಷಾನುಗಟ್ಟಲೆ ಹಾಯಿಸಿದರೆ ಮಣ್ಣಿನ ಕ್ಯಾಲ್ಸಿಯಂ ಸುಣ್ಣವಾಗಿ ಗಟ್ಟಿಯಾಗುತ್ತದೆ, ಸೋಡಿಯಂ ಜೇಡಿಗೆ ಅಂಟುತ್ತದೆ. ಒಳ್ಳೆ ಗದ್ದೆ ನಮ್ಮ ಕಣ್ಣ ಮುಂದೆಯೇ ಕರ್ಲಾಗುತ್ತದೆ.

ನೀರು ಪರೀಕ್ಷೆಗೆ ಕೊಡುವಾಗ ಉಳಿಕೆ ಸೋಡಿಯಂ ಕಾರ್ಬೊನೇಟ್ ಎಷ್ಟು ಅಂತ ಕೇಳಿ. ಕಾರ್ಬೊನೇಟ್, ಬೈಕಾರ್ಬೊನೇಟ್ ಎರಡನ್ನೂ ಕೂಡಿಸಿ, ಕ್ಯಾಲ್ಸಿಯಂ ಮೆಗ್ನೀಸಿಯಂ ಕಳೆದರೆ ಉಳಿಯುವ ಅಂಕಿ ಅದು. ಲೀಟರಿಗೆ 1.25 ಮಿಲಿ ಈಕ್ವಿವಲೆಂಟ್ ಒಳಗಿದ್ದರೆ ಭಯವಿಲ್ಲ. 2.5 ದಾಟಿದರೆ ಹಾಗೇ ಹಾಯಿಸಬಾರದು.

ಚಿತ್ರಾವತಿ · ಬಾಗೇಪಲ್ಲಿ

ಇದೇ ನೀರಿನ ಇನ್ನೊಂದು ಮುಖವನ್ನೂ ಹೇಳಲೇಬೇಕು. ಕ್ಯಾಲ್ಸಿಯಂ ಕಡಿಮೆ, ಕ್ಷಾರ ಜಾಸ್ತಿ ಇರುವ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಕರಗುತ್ತದೆ. ಬಾಗೇಪಲ್ಲಿ, ಪಾವಗಡದವರಿಗೆ ಇದು ಹೊಸ ಸುದ್ದಿಯಲ್ಲ. ಮಕ್ಕಳ ಹಲ್ಲಿನ ಕಂದು ಕಲೆ, ದೊಡ್ಡವರ ಮಂಡಿ ನೋವು ದಿನಾ ನೋಡುತ್ತೇವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ. ತೋಟದ ಬೋರ್ ನೀರನ್ನೇ ಕೂಲಿಯವರೂ ಮನೆಯವರೂ ಕುಡಿಯುತ್ತಾರಲ್ವಾ? ನೀರು ಪರೀಕ್ಷೆಗೆ ಹೇಗೂ ಕೊಡುತ್ತೀರಿ, ಫ್ಲೋರೈಡ್ ಕೂಡ ನೋಡಿಸಿ. ದಯವಿಟ್ಟು.

ಪಾವಗಡ_ಕಡಲೆಕಾಯಿ

ನೂರಕ್ಕೆ ನೂರು ನಿಜ.

ಮಧುಗಿರಿ_ಹೊಲ

ಇಷ್ಟೆಲ್ಲ ಯಾಕೆ? ಅರ್ಧ ಅಡಿ ಕೆರೆ ಗೋಡು ಹೊಡೆಸಿದರೆ ಮೇಲೆ ಹೊಸ ನೆಲವೇ ಆಗುತ್ತದೆ. ನಮ್ಮ ಮಾವನವರು ಹಾಗೇ ಮಾಡಿದರು. ರಾಗಿ ಚೆನ್ನಾಗಿ ಬಂತು.

ಪಿನಾಕಿನಿ_ಬಯಲು · ಗೌರಿಬಿದನೂರು

ಎಷ್ಟು ವರ್ಷ ಬಂತು ಅನ್ನೋದು ಮುಖ್ಯ ಅಣ್ಣ. ನಮ್ಮ ಬಯಲಲ್ಲಿ ಇಬ್ಬರು ಹೊಡೆಸಿದರು. ಒಬ್ಬರದ್ದು ಚೆನ್ನಾಗಿದೆ. ಇನ್ನೊಬ್ಬರದ್ದು ಮೂರನೇ ಬೆಳೆಗೆ ಮತ್ತೆ ಹಳೆಯ ಸ್ಥಿತಿಗೇ ಬಂತು. ಆ ಕೆರೆಯ ಗೋಡೇ ಕ್ಷಾರದ್ದು ಅಂತ ಆಮೇಲೆ ಗೊತ್ತಾಯಿತು. ಹೊಳೆ ಬಯಲಿನ ಉಪ್ಪೆಲ್ಲ ಕೆರೆಗೂ ಬರುತ್ತದಲ್ವಾ?

ಮಣ್ಣು_ಪ್ರಯೋಗಾಲಯ · ತುಮಕೂರು

ಗೋಡು ತರುವ ಮೊದಲು ಒಂದು ಹಿಡಿ ಪರೀಕ್ಷೆಗೆ ಕೊಡಿ, ಸಾಕು. ರಸಸಾರ 7.5ರ ಒಳಗಿದ್ದರೆ ಕೆಮ್ಮಣ್ಣಿನ ಹೊಲಕ್ಕೆ ಅದು ಬಹಳ ಒಳ್ಳೆಯದು, ನೀರು ಹಿಡಿದಿಡುತ್ತದೆ. ಕರ್ಲು ನೆಲದ ಮೇಲೆ ಹೊಡೆಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೊದಲೇ ಜೇಡಿ ಜಾಸ್ತಿ ಇರುವ, ನೀರು ಇಂಗದ ನೆಲ ಅದು. ಕೆಳಗಿನ ಪದರ ಹಾಗೇ ಇರುತ್ತದೆ, ಬೇರು ಅಲ್ಲಿಗೆ ಇಳಿದಾಗ ಮತ್ತೆ ಅದೇ ತೊಂದರೆ. ಅದೇ ಬೋರ್ ನೀರು ಹಾಯಿಸಿದರೆ ಹೊಸ ಪದರವೂ ಕೆಡುತ್ತದೆ.

ಕೋಲಾರ_ಅಚ್ಚುಕಟ್ಟು

ನಮ್ಮ ಕಡೆಯ ಒಂದು ಆತಂಕ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧ ಮಾಡಿದ ಕೊಳಚೆ ನೀರು, ನಮ್ಮ ಕೆರೆಗಳಿಗೆ ಬರುತ್ತಿದೆ. ಬತ್ತಿದ್ದ ಬೋರ್‌ಗಳಲ್ಲಿ ನೀರು ಬಂದಿದೆ, ಅದು ದೊಡ್ಡ ಸಹಾಯ. ಅಲ್ಲಗಳೆಯುವುದಿಲ್ಲ. ಆದರೆ ಏರಿ ಹಿಂದಿನ ಗದ್ದೆಗಳಲ್ಲಿ ಬೇಸಿಗೆಯಲ್ಲೂ ಒರತೆ ಶುರುವಾಗಿದೆ. ಇಲ್ಲೂ ಚೌಳು ಏಳಬಹುದಾ?

ಮಣ್ಣು_ಪ್ರಯೋಗಾಲಯ · ತುಮಕೂರು

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿದರೂ ಅದರಲ್ಲಿ ಕರಗಿರುವ ಉಪ್ಪು ಬಹುಪಾಲು ಹಾಗೇ ಉಳಿಯುತ್ತದೆ. ಅದರ ಜೊತೆ ಕೆರೆ ವರ್ಷಪೂರ್ತಿ ತುಂಬಿದ್ದರೆ ಏರಿ ಹಿಂದೆ ನೆಲದ ನೀರು ಮೇಲೇ ಇರುತ್ತದೆ. ಚೌಳು ಏಳೋಕೆ ಈ ಎರಡೇ ಸಾಕು. ಹಾಗಂತ ಆಗೇ ಆಗುತ್ತದೆ ಅಂತಲ್ಲ. ಬಸಿಯುವ ದಾರಿ ತೆರೆದಿದ್ದರೆ ತಡೆಯಬಹುದು. ಹಳೆಯ ಅಚ್ಚುಕಟ್ಟುಗಳಲ್ಲಿ ಬಸಿಗಾಲುವೆ ಇರುತ್ತಿತ್ತು. ಕೆರೆ ಬತ್ತಿದ್ದ ವರ್ಷಗಳಲ್ಲಿ ಎಷ್ಟೋ ಕಡೆ ಅದನ್ನು ಮುಚ್ಚಿ ಉತ್ತುಬಿಟ್ಟಿದ್ದಾರೆ. ಊರವರು ಸೇರಿ ಅದನ್ನು ಮೊದಲು ತೆರೆಸಿ. ಗದ್ದೆಯಲ್ಲಿ ಆರು ಅಡಿ ಪಿ.ವಿ.ಸಿ. ಪೈಪಿನ ಕೆಳಭಾಗಕ್ಕೆ ತೂತು ಮಾಡಿ ನೆಟ್ಟು, ಒಳಗೆ ಕೋಲು ಇಳಿಸಿ ನೀರು ಎಷ್ಟು ಕೆಳಗಿದೆ ಅಂತ ತಿಂಗಳಿಗೊಮ್ಮೆ ಬರೆದಿಡಿ. ಮೂರು ಅಡಿಗಿಂತ ಮೇಲೆ ಬರುತ್ತಿದ್ದರೆ ಕಾಯಬೇಡಿ.

ಪಾಲಾರ್_ಟೊಮೇಟೊ · ಬೇತಮಂಗಲ

ಡ್ರಿಪ್ ಇರುವವರಿಗೆ ಒಂದು ಮಾತು. ಹನಿ ನೀರಿನ ಒದ್ದೆಯ ಅಂಚಿನಲ್ಲಿ ಬಿಳಿ ಬಳೆ ಕಟ್ಟುತ್ತದೆ, ನೋಡಿದ್ದೀರಾ? ಉಪ್ಪೆಲ್ಲ ಅಲ್ಲಿಗೆ ಸರಿದಿರುತ್ತದೆ. ಬೇಸಿಗೆಯ ಮೊದಲ ಸಣ್ಣ ಮಳೆ ಬಂದಾಗ ಆ ಉಪ್ಪು ಸೀದಾ ಬೇರಿಗೆ ಬರುತ್ತದೆ. ಮಳೆ ಬಂತು ಅಂತ ಡ್ರಿಪ್ ನಿಲ್ಲಿಸಬೇಡಿ. ಒಳ್ಳೆ ಮಳೆ ಆಗುವವರೆಗೆ ಓಡಿಸಿ. ಚೌಳಲ್ಲಿ ಬೆಳೆ ಆರಿಸುವಾಗಲೂ ಯೋಚಿಸಿ. ಬೀನ್ಸ್, ಕ್ಯಾರೆಟ್, ಈರುಳ್ಳಿ ಮೂರೂ ತಡೆಯಲ್ಲ. ಸಾರ್ ಹೇಳಿದ 4ರ ಗೆರೆಯ ಅಳತೆಯಲ್ಲಿ (ಚೀಟಿಯದ್ದಲ್ಲ) ವಾಹಕತೆ 1, 1.2 ದಾಟಿದರೇ ಇಳುವರಿ ಬೀಳುತ್ತದೆ. ಟೊಮೇಟೊ 2.5, ಬೀಟ್‌ರೂಟ್ 4ರವರೆಗೆ ತಡೆಯುತ್ತದೆ. ಹತ್ತಿ 7ರ ಮೇಲೂ ನಿಲ್ಲುತ್ತದೆ.

ಜಯಮಂಗಲಿ_ತೋಟ · ಕೊರಟಗೆರೆ

ಎಲ್ಲರಿಗೂ ಧನ್ಯವಾದ. ಫಲಿತಾಂಶ ಬಂತು. ಮಣ್ಣಿನ ರಸಸಾರ 9.3, ವಾಹಕತೆ 0.6. ಜೇಡಿಗೆ ಅಂಟಿದ ಸೋಡಿಯಂ ಶೇ. 32. ಮಣ್ಣಿನ ಧಾತು ಹಿಡಿಯುವ ಸಾಮರ್ಥ್ಯ 100 ಗ್ರಾಂಗೆ 18 ಮಿಲಿ ಈಕ್ವಿವಲೆಂಟ್ ಅಂತ ಕೊಟ್ಟಿದ್ದಾರೆ. ಬೋರ್ ನೀರಿನ ಉಳಿಕೆ ಸೋಡಿಯಂ ಕಾರ್ಬೊನೇಟ್ 6. ಫ್ಲೋರೈಡ್ ಕೂಡ ಜಾಸ್ತಿ ಇದೆ. ಕುಡಿಯೋಕೆ ಇವತ್ತಿನಿಂದಲೇ ಊರಿನ ಶುದ್ಧ ನೀರಿನ ಘಟಕದಿಂದ ತರುತ್ತಿದ್ದೇವೆ. ಬಾಗೇಪಲ್ಲಿಯವರಿಗೆ ವಿಶೇಷ ಧನ್ಯವಾದ. ಈಗ ಜಿಪ್ಸಂ ಎಷ್ಟು ಹಾಕಲಿ?

ಮಣ್ಣು_ಪ್ರಯೋಗಾಲಯ · ತುಮಕೂರು

ಲೆಕ್ಕ ನೀವೇ ಮಾಡುವ ಹಾಗೆ ಹೇಳುತ್ತೇನೆ. 18ರಲ್ಲಿ ಶೇ. 32 ಅಂದರೆ ಸೋಡಿಯಂ ಸುಮಾರು 5.8. ಅದನ್ನು ಶೇ. 10ಕ್ಕೆ ಇಳಿಸಬೇಕು, ಅಂದರೆ 1.8ಕ್ಕೆ. ತೆಗೆಯಬೇಕಾದ್ದು 4. ಅರ್ಧ ಅಡಿ ಆಳದ ಮಣ್ಣಿನಿಂದ ಒಂದು ಮಿಲಿ ಈಕ್ವಿವಲೆಂಟ್ ಸೋಡಿಯಂ ತೆಗೆಯೋಕೆ ಎಕರೆಗೆ ಸುಮಾರು 8 ಕ್ವಿಂಟಾಲ್ ಶುದ್ಧ ಜಿಪ್ಸಂ ಬೇಕು. ನಾಲ್ಕಕ್ಕೆ 32 ಕ್ವಿಂಟಾಲ್. ಗಾಬರಿಯಾಗಬೇಡಿ, ಒಂದೇ ಸಲ ಪೂರ್ತಿ ಹಾಕಬೇಕಿಲ್ಲ. ಕರ್ನಾಲ್‌ನಲ್ಲಿ 1969ರಲ್ಲಿ ಶುರುವಾದ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯವರ ಅನುಭವದಲ್ಲಿ, ಕರ್ಲು ತಡೆಯುವ ಭತ್ತ ಬೆಳೆಯುವುದಾದರೆ ಅರ್ಧ ಪ್ರಮಾಣ ಸಾಕಾಗುತ್ತದೆ. ನಿಮಗೆ 16 ಕ್ವಿಂಟಾಲ್. ಅಂಗಡಿ ಜಿಪ್ಸಂ ಶೇ. 80 ಶುದ್ಧ ಅಂದರೆ ಎಕರೆಗೆ 20 ಕ್ವಿಂಟಾಲ್. ನಾಲ್ಕು ಮೂಟೆಗೂ ಇದಕ್ಕೂ ಎಷ್ಟು ಅಂತರ ನೋಡಿ.

ಹಾಕುವ ಕ್ರಮವೂ ಮುಖ್ಯ. ಮೊದಲು ನೆಲ ಸಮತಟ್ಟು ಮಾಡಿ. ಹೊಳೆ ಕಡೆ ಬಸಿಗಾಲುವೆ ತೆಗೆಸಿ. ಜಿಪ್ಸಂನಿಂದ ಬಿಡಿಸಿಕೊಂಡ ಸೋಡಿಯಂ ಎಲ್ಲಿಗಾದರೂ ಹೋಗಬೇಕಲ್ವಾ? ಆಮೇಲೆ ಜಿಪ್ಸಂ ಎರಚಿ ಮೇಲಿನ ನಾಲ್ಕು ಇಂಚಿಗೆ ಮಾತ್ರ ಬೆರೆಸಿ. ಆಳಕ್ಕೆ ಉತ್ತರೆ ಕೆಳಗಿನ ಮಣ್ಣಿಗೆ ಹಂಚಿಹೋಗಿ ಎಲ್ಲೂ ಸಾಲದು. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದಕ್ಕೆ ಮುಂಚೆ ಆಗಸ್ಟ್‌ನಲ್ಲಿ ಈ ಕೆಲಸ ಮುಗಿದಿರಲಿ. ಬದು ಭದ್ರ ಮಾಡಿ ಮಳೆ ನೀರು ಹತ್ತು ಹದಿನೈದು ದಿನ ನಿಲ್ಲಿಸಿ ಇಂಗಿಸಿ. ತೆಂಗಿನ ಬುಡದ ಸುತ್ತ ಮಾತ್ರ ಅಷ್ಟು ದಿನ ನಿಲ್ಲದಂತೆ ಪುಟ್ಟ ಬದು ಹಾಕಿ. ತೊಳೆಯೋಕೆ ಬೋರ್ ನೀರು ಬೇಡ.

ಭತ್ತಕ್ಕೆ ನೀರಿಲ್ಲ ಅಂದರೆ ಹಸಿರೆಲೆ ಗೊಬ್ಬರದ ಗಿಡ ಡಯಂಚ ಬಿತ್ತಿ. ಅದು ಕರ್ಲು ತಡೆಯುತ್ತದೆ. ಸುಮಾರು 45 ದಿನಕ್ಕೆ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ ಉತ್ತುಬಿಡಿ. ಕೊಳೆಯುವಾಗ ಹುಟ್ಟುವ ಆಮ್ಲ ನಿಮ್ಮ ನೆಲದ ಸುಣ್ಣದ ಹರಳನ್ನೇ ಕರಗಿಸಿ ಕ್ಯಾಲ್ಸಿಯಂ ಬಿಡಿಸುತ್ತದೆ. ಹೊಂಗೆ ಸೊಪ್ಪು ಸಿಕ್ಕರೆ ಅದನ್ನೂ ಹಾಕಿ. ಗೊಬ್ಬರದಲ್ಲಿ ಡಿ.ಎ.ಪಿ. ಬದಲು ಸೂಪರ್ ಫಾಸ್ಫೇಟ್, ಯೂರಿಯಾ ಬದಲು ಅಮೋನಿಯಂ ಸಲ್ಫೇಟ್ ಒಳ್ಳೆಯದು. ಇಷ್ಟು ರಸಸಾರದಲ್ಲಿ ಮೇಲೆ ಚೆಲ್ಲಿದ ಯೂರಿಯಾ ಬಹಳಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಎಕರೆಗೆ 10 ಕೆ.ಜಿ. ಜಿಂಕ್ ಸಲ್ಫೇಟ್ ಮರೆಯಬೇಡಿ.

ಇನ್ನು ನೀರು. ಇದನ್ನು ಬಿಟ್ಟರೆ ಮೇಲೆ ಹೇಳಿದ್ದೆಲ್ಲ ನಾಲ್ಕು ವರ್ಷದಲ್ಲಿ ವ್ಯರ್ಥ. ಎಕರೆಗೆ ಎರಡು ಇಂಚು ನೀರು ಹಾಯಿಸಿದರೆ ಸುಮಾರು 2 ಲಕ್ಷ ಲೀಟರ್. ಅದರ ಉಳಿಕೆ ಸೋಡಿಯಂ ಕಾರ್ಬೊನೇಟ್ ಒಂದು ಅಂಕಿ ಇಳಿಸೋಕೆ 18 ಕೆ.ಜಿ. ಶುದ್ಧ ಜಿಪ್ಸಂ ಬೇಕು. ನಿಮ್ಮದು 6ರಿಂದ 2.5ಕ್ಕೆ ಇಳಿಯಬೇಕು. ಅಂದರೆ ಪ್ರತಿ ಸಲ 63 ಕೆ.ಜಿ. ಅಂಗಡಿ ಜಿಪ್ಸಂ ಆದರೆ 80 ಕೆ.ಜಿ. ಬೋರ್ ನೀರು ಬೀಳುವ ಜಾಗದಲ್ಲಿ ಸಣ್ಣ ತೊಟ್ಟಿ ಕಟ್ಟಿ, ಜಿಪ್ಸಂ ಹೆಂಟೆ ತುಂಬಿ, ನೀರು ಕೆಳಗಿನಿಂದ ಹೊಕ್ಕು ಮೇಲಿನಿಂದ ಹರಿಯುವಂತೆ ಮಾಡಿದರೆ ಅದು ತಾನೇ ಕರಗುತ್ತಾ ಹೋಗುತ್ತದೆ. ಡ್ರಿಪ್ ಪೈಪಿಗೆ ಈ ನೀರು ಬಿಡಬೇಡಿ, ತೂತು ಕಟ್ಟುತ್ತದೆ. ಕೃಷಿ ಹೊಂಡ ಇದ್ದರೆ ಇನ್ನೂ ಒಳ್ಳೆಯದು. ಅರ್ಧ ಮಳೆ ನೀರು, ಅರ್ಧ ಬೋರ್ ನೀರು ಬೆರೆಸಿದರೆ ಅಂಕಿ ಅರ್ಧದ ಹತ್ತಿರಕ್ಕೆ ಬರುತ್ತದೆ, ಜಿಪ್ಸಂ ಖರ್ಚೂ ಇಳಿಯುತ್ತದೆ.

ಜಯಮಂಗಲಿ_ತೋಟ · ಕೊರಟಗೆರೆ

ಸಾರ್, ಅರ್ಥವಾಯಿತು. ಹೊಂಡಕ್ಕೆ ಅರ್ಜಿ ಕೊಡೋಕೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗುತ್ತೇನೆ. ಈ ವರ್ಷ ಪೂರ್ತಿ ಒಂದೂವರೆ ಎಕರೆಗೆ ಕೈ ಹಾಕುವಷ್ಟು ದುಡ್ಡಿಲ್ಲ. ಹೊಳೆ ಪಕ್ಕದ ಅರ್ಧ ಎಕರೆಗೆ ಮಾತ್ರ ಮಾಡಿದರೆ ಆಗುತ್ತಾ?

ರೇಷ್ಮೆ_ಅಕ್ಕ · ಶಿಡ್ಲಘಟ್ಟ

ಅರ್ಧ ಎಕರೆಯನ್ನೇ ಸರಿಯಾಗಿ ಮಾಡು ತಮ್ಮಾ. ಒಂದೂವರೆ ಎಕರೆಗೆ ಚಿಮುಕಿಸುವುದಕ್ಕಿಂತ ಅದೇ ವಾಸಿ.

ಮಣ್ಣು_ಪ್ರಯೋಗಾಲಯ · ತುಮಕೂರು

ಅರ್ಧ ಎಕರೆ ಸಾಕು, ಆದರೆ ಹೊಳೆ ಪಕ್ಕದ್ದು ಬೇಡ. ಮೇಲಿನ ಅಂಚಿನ ಅರ್ಧ ಎಕರೆಯಿಂದ ಶುರು ಮಾಡಿ. ಅಲ್ಲಿ ಬಸಿಯುವುದು ಸುಲಭ, ಫಲ ಬೇಗ ಕಾಣುತ್ತದೆ. ಬಸಿಗಾಲುವೆಯನ್ನು ಮಾತ್ರ ಅಲ್ಲಿಂದ ಹೊಳೆಯವರೆಗೆ ಪೂರ್ತಿ ತೆಗೆಸಿಬಿಡಿ, ಮಿಕ್ಕ ಒಂದು ಎಕರೆಗೂ ಮುಂದೆ ಅದೇ ಆಗುತ್ತದೆ. ಒಂದು ಪಟ್ಟಿಗೆ ಜಿಪ್ಸಂ ಹಾಕದೆ ಹಾಗೇ ಬಿಡಿ, ಹೋಲಿಸಿ ನೋಡೋಕೆ ಬೇಕು. ಮಳೆಗಾಲ ಮುಗಿದ ಮೇಲೆ ಎರಡೂ ಕಡೆಯಿಂದ ಅರ್ಧ ಅಡಿ ಒಂದು, ಅದರ ಕೆಳಗಿನ ಅರ್ಧ ಅಡಿ ಒಂದು ಅಂತ ಬೇರೆ ಬೇರೆ ಮಾದರಿ ತೆಗೆಯಿರಿ. ಮೇಲಿನ ಬಿಳಿ ಪುಡಿ ಕೆರೆದು ಬದಿಗಿಟ್ಟು ಆಮೇಲೆ ತೆಗೆಯಿರಿ. ಅಂಕಿ ಬಂದ ಮೇಲೆ ಇಲ್ಲೇ ಹಾಕಿ. ಮುಂದಿನ ವರ್ಷದ ಪ್ರಮಾಣ ಅದರ ಮೇಲೆ ಲೆಕ್ಕ ಹಾಕೋಣ.